ಒಂದು ಮಿಲಿಮೀಟರ್

ವಾಡಿ ಜಂಕ್ಷನ್ನಿನ ಹಳೇ ಫಿಟ್ಟರ್
ದಸ್ತಗೀರ್ ಸಾಬರ ಮಂಚದ ಮ್ಯಾಲ
ಈಗ ಯಾರೂ ಮಲಗಲ್ಲ; ರೈಲು ಓಡ್ತದ.
ಶಹಾಬಾದ್ ಕಲ್ಲಿನ ಚೂರು ಪ್ಲಾಟ್‌ಫಾರಂ,
ತೊಗರಿ ಕಟಗಿ ಸಿಗ್ನಲ್ ಕಂಬ,
ಕೆಡವಿದ ಲೋಕೋ ಶೆಡ್ಡಿನ ಮಸಿ
ಅತ್ತರಿನ ಸೀಸೆಯೊಳಗ.

ಮಿಶನ್ ದವಾಖಾನಿ ಸಿಸ್ಟರು
ತಮ್ಮೂರಿಗೆ ಹೋಗುವಾಗ ಕೊಟ್ಟದ್ದು
ಐರ್ಲೆಂಡಿನ ಹಸಿರು ಇಂಜಿನ್ನು.
ಅವರ ಹಳಿ ನಮ್ಮದಕ್ಕಿಂತ ಮೂರಿಂಚು ಸಣ್ಣದು,
ಮಂಚದ ಅಳತ್ಯಾಗ ಒಂದೇ ಮಿಲಿಮೀಟರ್.
ಹ್ಯಾಂಗಿಟ್ಟರೂ ಜಾರ್ತದ.

‘ಗಾಲಿ ಸರಿಸಿದ್ರಾತು ದಾದಾ’ ಅಂದ ಮೊಮ್ಮಗ.
ಸಾಬರು ಚಷ್ಮಾ ಒರಸಿಕೊಂಡ್ರು:
‘ಮನಿಗಿ ಬಂದವರ ಕಾಲು ತಿದ್ದತಾರೇನೋ?’

ಮರುದಿನ ಬೀಬಿಯ ಮಂಚಾನೂ ಎಳೆದು ಹಚ್ಚಿ
ಬ್ಯಾರೇ ಹಳಿ ಬಡದ್ರು.
ಬೀಬಿ ನೆಲದ ಮ್ಯಾಲ, ಬೈಕೋತ.

ಹಸಿರು ಇಂಜಿನ್ನು ಇವತ್ತೂ ಔಟರಿನಾಗ ನಿಂತದ.
ಸಾಬರು ಸಿಗ್ನಲ್ ಕೊಡವಲ್ರು:
ಹೊಸ ಹಳಿ ಮ್ಯಾಲ ಬೆಕ್ಕು ಮಕ್ಕೊಂಡದ,
ಲೈನ್ ಕ್ಲಿಯರ್ ಇಲ್ಲ.