ಬಲೆಯ ಕಡೆ

ಜೂನ್ ಒಂದರಿಂದ ಬೈತಖೋಲದಲ್ಲಿ ಬೋಟುಗಳು
ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತಿವೆ.
ಐಸ್ ಫ್ಯಾಕ್ಟರಿಯಲ್ಲಿ ಐಸಿಲ್ಲ. ನನಗೆ ಮಾತ್ರ ಪಾಳಿ ಉಂಟು,
ರಾತ್ರಿ ಹತ್ತರಿಂದ ಆರು,
ಇಲ್ಲದ ಐಸಿಗೆ ಕಾವಲು.

ಮಾಲೀಕರ ಹಳೇ ಟೀವಿ, ಉಪ್ಪುಗಾಳಿ ಮೂಲೆ ತಿಂದದ್ದು.
ಹಸಿರು ಮೈದಾನ ಅದರಲ್ಲಿ ನೀಲಿ ಕಾಣುತ್ತದೆ.
ಯಾರೂ ದೂರುವುದಿಲ್ಲ;
ನೀಲಿಯ ಮೇಲೆ ಓಡಾಡುವುದು ನಮಗೆ ಹೊಸತಲ್ಲ.

ಹದಿನಾರರ ಸುತ್ತಿಗೆ ಹತ್ತೊಂಬತ್ತು ಜನ,
ಮೀನಿನ ಕ್ರೇಟು ಬೋರಲು ಹಾಕಿ ಕೂತವರು.
ಪ್ರೇಮಾ ತಾಂಡೇಲ ದೇಶಗಳ ಹೆಸರು ಕಲಿಯಲಿಲ್ಲ.
ಪಟ್ಟೆ ಅಂಗಿಯವರು ಬಂಗಡೆ, ಬಿಳಿಯವರು ಪಾಪ್ಲೆಟ್,
ಮುಟ್ಟಿದರೆ ಸಾಕು ಬಿದ್ದು ಹೊರಳುವವರೆಲ್ಲ ಲೇಪೆ.
'ಬಂಗಡೆಗೆ ಇವತ್ತು ರೇಟಿಲ್ಲ' ಎಂದಳು ಮೊದಲರ್ಧಕ್ಕೇ.
ಹಾಗೇ ಆಯಿತು.

ಸೋತರೆ ಮನೆಗೆ. ಕಾನೂನು ಅಷ್ಟೇ.
ಮೊದಲಾದರೆ ಇನ್ನೊಂದು ದಿನ ಇತ್ತು, ಲೆಕ್ಕ ಇತ್ತು,
ಅವರು ಇವರನ್ನು ಸೋಲಿಸಿಬಿಟ್ಟರೆ ನಾವು, ಎನ್ನುವ ಆಸೆ ಇತ್ತು.
ಈಗ ತಂಡ ಬಿದ್ದ ರಾತ್ರಿಯೇ ಅದರವನ ಕ್ರೇಟೂ ಖಾಲಿ.
ಕೋಡಿಬಾಗದ ಅಣ್ಣತಮ್ಮ
ಒಂದೇ ಪೆನಾಲ್ಟಿಗೆ ಬೇರೆ ಬೇರೆ ಬೈದು
ಒಂದೇ ಸ್ಕೂಟಿಯಲ್ಲಿ ಮಾತಿಲ್ಲದೆ ಹೋದರು.
ಎಂಟರ ಸುತ್ತಿಗೆ ಒಂಬತ್ತು ಜನ ಉಳಿದೆವು,
ಯಾರ ಗೋಲಿಗೂ ಕುಣಿಯುವ
ಒಡಿಶಾದ ಬಿಶ್ವಂಬರನನ್ನೂ ಸೇರಿಸಿ.

ಬುಧವಂತ ಮಾತ್ರ ಯಾರ ಕಡೆಯೂ ಅಲ್ಲ.
ನಲವತ್ತು ವರ್ಷ ಬಲೆ ಹೆಣೆದವ,
ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ
ಮಡಿಲಿಗೂ ಟೀವಿಗೂ ಕಣ್ಣು ಹಂಚುತ್ತಾನೆ.
ಗೋಲಾದಾಗ ನಾವು ಚೆಂಡು ನೋಡಿದರೆ
ಅವ ನೋಡುವುದು ಹಿಂದೆ ಉಬ್ಬಿದ ಬಲೆ:
'ಕಣ್ಣು ದೊಡ್ಡದಾಯ್ತು. ತಾರ್ಲೆ ನಿಲ್ಲುವುದಿಲ್ಲ.'
'ತಾರ್ಲೆ ಹಿಡಿಯಲಿಕ್ಕಲ್ಲ ಮಾರಾಯಾ ಅದು.'
'ಹಿಡಿದದ್ದನ್ನು ತಿರುಗಿ ಆಡಲಿಕ್ಕೇ ಕೊಡುತ್ತಾರಲ್ಲ,
ಅದೆಂಥ ಬಲೆ?'

ಕಾಯ್ತಾನನದು ಕೆಂಗಂದು ಅಂಗಿಯ ತಂಡ.
ಅವನ ಅಪ್ಪ ವಾಸ್ಕೋದಲ್ಲಿ ಹಡಗಿನ ತುಕ್ಕು ಕೆರೆಯುವಾಗ
ಯಾರದೋ ರೇಡಿಯೋದಿಂದ ಅಂಟಿಸಿಕೊಂಡು ಬಂದದ್ದು.
ಪಾವು ಮಾರುವವ, ನಾಲ್ಕಕ್ಕೆ ಬೇಕರಿಯಲ್ಲಿರಬೇಕು.
ಆದರೂ ಸೆಮಿಫೈನಲ್ಲಿಗೆ ಬಂದ,
ಇಗರ್ಜಿಗೆ ಹೋಗುವ ಅಂಗಿ ಹಾಕಿ.

ತೊಂಬತ್ತು ನಿಮಿಷ. ಮತ್ತೆ ಮೂವತ್ತು. ಒಂದಕ್ಕೊಂದು.
ಪೆನಾಲ್ಟಿ: ಆಚೆಯವರು ಐದಕ್ಕೆ ಐದು,
ಇವರು ನಾಲ್ಕಕ್ಕೆ ನಾಲ್ಕು. ತಪ್ಪಿದರೆ ಮನೆಗೆ.
ಐದನೆಯವ ಚೆಂಡಿಟ್ಟ. ಸರಿಯಿಲ್ಲವೆಂದು ಮತ್ತೆ ಇಟ್ಟ.
ಹಿಂದೆ ಹಿಂದೆ ನಡೆದ, ನಿಂತ,
ಕರೆಂಟು ಹೋಯಿತು.

ಕತ್ತಲಲ್ಲಿ ಮೊದಲು ಕೇಳಿದ್ದು ಸಮುದ್ರ.
ಇಷ್ಟು ಹೊತ್ತೂ ಅದು ಅಲ್ಲೇ ಇತ್ತೇನೋ.
ಆಮೇಲೆ ಗುಡ್ಡದಾಚೆ, ಜನರೇಟರ್ ಇದ್ದ ಮನೆಗಳ ಕಡೆಯಿಂದ
ಹೋ ಎಂದು ಒಂದು ಕೂಗು.
ಹೊಡೆದದ್ದಕ್ಕೋ, ತಡೆದದ್ದಕ್ಕೋ.
ಕೂಗಿಗೆ ಅಂಗಿಯ ಬಣ್ಣ ಇರುವುದಿಲ್ಲ.

ಬಿಶ್ವಂಬರ ಮೊಬೈಲ್ ತೆಗೆದ. ಬೆಳಕು ಅವನ ಗದ್ದಕ್ಕೆ ಏರುವಷ್ಟರಲ್ಲಿ
ಕಾಯ್ತಾನ ಅದರ ಮೇಲೆ ಅಂಗೈ ಇಟ್ಟ:
'ಬೇಡ. ಬಂದ್ ಮಾಡು.'
ಸೈಕಲ್ ತಳ್ಳಿಕೊಂಡೇ ಹೋದ, ಹತ್ತಲಿಲ್ಲ.

ಬೆಳಿಗ್ಗೆ ಅವನ ರಬ್ಬರ್ ಹಾರ್ನ್ ಬಂದಾಗ
ಇಡೀ ಕೇರಿಗೆ ಗೊತ್ತಿತ್ತು, ಅವನೊಬ್ಬನಿಗಿಲ್ಲ.
ಪ್ರೇಮಾ ಹತ್ತು ಪಾವು ತೆಗೆದುಕೊಂಡು
ಗಾಳಿ ಯಾವ ಕಡೆಯದೆಂದು ಮಾತಾಡಿದಳು.
ಪಂಕ್ಚರ್ ಅಂಗಡಿಯವ, ಹೆಂಡತಿಯ ಗುಟ್ಟನ್ನೂ
ಒಂದು ಗಂಟೆ ಇಟ್ಟುಕೊಳ್ಳದವ,
ಬರೇ ಗಾಳಿ ತುಂಬಿಸಿ ಕಳಿಸಿದ.
ಹೀಗೆ ನಾಲ್ಕು ದಿನ ಕಾರವಾರದಲ್ಲಿ
ಒಂದು ತಂಡ ಸೋಲದೆ ಗೆಲ್ಲದೆ
ಪಾವಿನ ಬುಟ್ಟಿಯ ಹಿಂದೆ ತಿರುಗಿತು.

ಫೈನಲ್ಲಿಗೆ ನಾನು, ಬುಧವಂತ, ಹದಿನೇಳು ಖಾಲಿ ಕ್ರೇಟು.
ಆಟ ಶುರುವಾಗುವ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನ ಸದ್ದು.
ಅಡ್ಡಡ್ಡ ನಡೆದು ಒಳಬಂದ ಕಾಯ್ತಾನ, ಏಡಿಯ ಹಾಗೆ,
ಟೀವಿಗೆ ಬೆನ್ನು ಮಾಡಿಯೇ ಕೂತ.
ಉಳಿದ ಪಾವಿನ ಪೊಟ್ಟಣ ನನ್ನ ಕಡೆ ನೂಕಿದ.

'ಎಂಥ ಬಣ್ಣ?' ಗೋಡೆಯನ್ನು ಕೇಳಿದ.

ನಾನು ಬಾಯಿ ತೆರೆದೆ.
ಬುಧವಂತ ಗಂಟು ಬಿಗಿದು,
ದಾರ ಹಲ್ಲಿನಲ್ಲಿ ಕಡಿದು ಹೇಳಿದ:
'ಬಲೆ ಬಿಳಿ. ಎರಡೂ ಕಡೆ.'