ಬೀಳುವ ಪಾಠ

ದಕ್ಕೆಯ ಮಂಜುಗಡ್ಡೆಗೆ ಬಂಗುಡೆಯ ವಾಸನೆ.
ಅದನ್ನೇ ಬೈರಾಸಿನಲ್ಲಿ ಸುತ್ತಿ
ಬೆಂಗ್ರೆಯ ಪ್ರೀತೇಶನ ಹುಬ್ಬಿಗೆ ಒತ್ತಿದೆ.
ಹನ್ನೊಂದು ವರ್ಷದಿಂದ ನನಗಿದೇ ಕೆಲಸ.

ಆರೂ ಸುತ್ತು ಗೆದ್ದ. ನೋಡಿದ್ದು
ಕುರ್ಚಿ ಜೋಡಿಸುವವರು, ಚರುಮುರಿಯವ.
ಸಿಕ್ಕಿದ್ದು ನಾಲ್ಕು ಸಾವಿರ,
ಅದರಲ್ಲೂ ಗ್ಲೌಸಿನ ಬಾಡಿಗೆ ಮುರಿದುಕೊಂಡರು.

ಒಂಬತ್ತಕ್ಕೆ ಮೈದಾನ ತುಂಬಿತು.
ರೀಲ್ಸಿನ ಹುಡುಗ, ಧಾರಾವಾಹಿಯ ಅಳಿಯ;
ವ್ಯಾಸಲೀನು ಸವರಲು ಹೋದರೆ
‘ಮೇಕಪ್ಪು ಹೋಗ್ತದೆ ಮಾರಾಯ್ರೆ’ ಅಂದ.
ಸುತ್ತಿಗೊಂದು ಚಿನ್ನದಂಗಡಿಯ ಹೆಸರು.

ಸೋಮವಾರ ಫೋನು:
ಮುಂದಿನ ತಿಂಗಳು ಅಳಿಯ ಬೀಳಬೇಕಂತೆ,
ಚಂದದಲ್ಲಿ.
ಕಲಿಸಲಿಕ್ಕೆ ನಮ್ಮ ಪ್ರೀತೇಶ ಬೇಕಂತೆ,
ಐವತ್ತು ಸಾವಿರ.

ಜಿಮ್ಮಿನ ದೀಪ ಆರಿಸುವಾಗ
ಹೊಲಿಗೆ ಬಿಚ್ಚದ ಹುಬ್ಬೆತ್ತಿ ಕೇಳಿದ:
‘ಬೀಳುವುದು ಹೇಗೆ, ಲಿಗೋರಿ ಮಾಸ್ಟ್ರೆ?
ಅದೊಂದು ನೀವು ಹೇಳಿಯೇ ಕೊಡಲಿಲ್ಲ.’