ಒಂದು ಕೈ ಜೇಬಿನಲ್ಲಿ

ಮೊದಲ ಪಾಠ ಇದು: ಒಂದು ಕೈ ಸದಾ ಜೇಬಿನಲ್ಲಿರಲಿ.
ಪೆಟ್ಟಿಗೆ ತೆರೆದಿರುವಾಗ, ಒಳಗೆ ನಾನೂರೈವತ್ತು ವೋಲ್ಟು
ಹೆಡೆ ಮಡಚಿ ಮಲಗಿರುವಾಗ
ಎರಡೂ ಕೈಯಿಂದ ಮುಟ್ಟಿದವನ ಎದೆಯೇ
ಅದಕ್ಕೆ ಹತ್ತಿರದ ದಾರಿ.

ಓಸ್ಟ್ರಾವಾದಲ್ಲಿ ಟ್ರಾಮು ಓಡಿಸುವವನು ನಾನು.
ಹಗಲಿಡೀ ನೆತ್ತಿಯ ಮೇಲೆ ಆರುನೂರು ವೋಲ್ಟಿನ ತಂತಿ;
ಅದಕ್ಕೆ ಹೆದರದವನು ರಾತ್ರಿ ಅಡುಗೆಮನೆಯ ಮೇಜಿನಲ್ಲಿ
ಈ ಅಲ್ಯೂಮಿನಿಯಂ ತಟ್ಟೆಯ ಮುಂದೆ ಉಸಿರು ಬಿಗಿಹಿಡಿಯುತ್ತೇನೆ.

ಮಾಡುತ್ತಿರುವುದು ನಕಲು.
ಅರವತ್ತರ ದಶಕದ ಇಂಗ್ಲಿಷ್ ಗಿಟಾರ್ ಆಂಪ್ಲಿಫೈಯರೊಂದರ ಪಡಿಯಚ್ಚು.
ಅಸಲಿ ಕೊಳ್ಳಬೇಕೆಂದರೆ ಕಾರು ಮಾರಬೇಕು,
ನನ್ನ ಬಳಿ ಕಾರಿಲ್ಲ.
ಅದರ ಹೊಟ್ಟೆಯ ಫೋಟೋ ಇದೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.
ಇದ್ದದ್ದನ್ನು ಇದ್ದ ಹಾಗೇ ಇಡುತ್ತಾ ಬಂದೆ:
ಸಾಸಿವೆ ಬಣ್ಣದ ಕೆಪಾಸಿಟರು, ಪಟ್ಟೆಪಟ್ಟೆ ರೆಸಿಸ್ಟರು,
ಕಂದು ಹಲಗೆಯ ಮೇಲೆ ಎರಡು ಸಾಲು ಗೂಟಗಳಿಗೆ
ಸಂತೆಯ ದನ ಕಟ್ಟಿದ ಹಾಗೆ.

ಒಂದು ಕಡೆ, ಅಸಲಿಯಲ್ಲಿ,
ನೀಲಿ ತಂತಿಯೊಂದು ನೇರ ಹೋಗದೆ
ಟ್ರಾನ್ಸ್‌ಫಾರ್ಮರನ್ನು ಸುತ್ತಿ ಬಳಸಿ ಬರುತ್ತದೆ. ಯಾಕೆ?
ಯಾರಿಗೂ ಗೊತ್ತಿಲ್ಲ. ಆ ಶುಕ್ರವಾರ ಸಂಜೆ
ಬಸ್ಸಿಗೆ ಹೊತ್ತಾಗಿತ್ತೋ, ಮೇಜಿನ ಮೇಲೆ
ಉದ್ದದ ತುಂಡೇ ಉಳಿದಿತ್ತೋ ಆ ಹುಡುಗಿಗೆ.
(ಹುಡುಗಿ ಎಂದು ನಾನೇ ಅಂದುಕೊಂಡದ್ದು.)
ಅರವತ್ತು ವರ್ಷದ ಮೇಲೆ ಅವಳ ಅವಸರವನ್ನು
ಅಳತೆಪಟ್ಟಿ ಹಿಡಿದು, ಸಾವಧಾನವಾಗಿ, ಬಗ್ಗಿಸಿದೆ.

ಮೂರನೇ ರಾತ್ರಿ ಬಾಗಿಲು ಬಡಿದವರು
ಮೇಲಿನ ಮನೆಯ ದ್ರಾಹೊಮೀರಾ.
ರಾಳದ ಹೊಗೆ ಗೂಡಿನೊಳಗಿಂದ ತಮ್ಮ ಬಚ್ಚಲಿಗೆ ಏರುತ್ತಿದೆ,
ಒಗೆದ ಬಟ್ಟೆಯೆಲ್ಲ ಕಾರ್ಖಾನೆ ಕಾರ್ಖಾನೆ ನಾರುತ್ತಿದೆ ಎಂದು
ಬೈಯಲು ಬಂದವರು, ಬೈಗುಳ ಅರ್ಧಕ್ಕೆ ಬಿಟ್ಟು
ಮೇಜಿನ ಮೇಲಿದ್ದ ವಾಲ್ವನ್ನು ಬೆಳಕಿಗೆ ಹಿಡಿದರು.
“ಇದು ಸತ್ತಿದೆ.
ನೆತ್ತಿ ನೋಡು. ಕನ್ನಡಿಯ ಹಾಗೆ ಹೊಳೆಯಬೇಕಿತ್ತು,
ಸುಣ್ಣ ಬಳಿದ ಹಾಗಾಗಿದೆ. ಗಾಳಿ ಹೊಕ್ಕಿದೆ ಒಳಗೆ.”
ಎಷ್ಟು ಕೊಟ್ಟೆ ಎಂದು ಕೇಳಿದರು. ಹೇಳಿದೆ. ನಕ್ಕರು.

ರೊಜ್ನೊವ್‌ನ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ
ಗಾಜಿನ ಬಾಯಿ ಮುಚ್ಚಿದವರಂತೆ. ಪಾಳಿಗೆ ಎಂಟುನೂರು.
“ಎಲ್ಲ ಒಂದೇ ಅಚ್ಚು. ಆದರೂ ಪರೀಕ್ಷೆಯ ಮೇಜಿನ ಮುದುಕ
ಸದ್ದು ಕೇಳಿಯೇ ಹೇಳುತ್ತಿದ್ದ: ಇದು ದ್ರಾಹಾಳದ್ದು,
ಇದು ಬೋಜೆನಾಳದ್ದು, ಇವತ್ತು ಅವಳಿಗೆ ಗಂಡನ ಜೊತೆ ಜಗಳ.”
ಕೈಗುಣವೇ, ಎಂದೆ.
“ಕೈಗುಣವೋ ಕಾಲ್ಗುಣವೋ,” ಎನ್ನುತ್ತಾ ಮೇಲೆ ಹೋದವರು
ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಎರಡು ವಾಲ್ವು ತಂದರು.
“ಕದ್ದದ್ದಲ್ಲ. ಕೊನೆಯ ದಿನ ಗೇಟು ದಾಟಿದ ಮೇಲೆ ನೋಡಿದರೆ
ಜೇಬಿನಲ್ಲೇ ಉಳಿದಿದ್ದವು.”

ನಡುವೆ ಒಂದು ಸಾದಾ ಬಲ್ಬು ಕಟ್ಟಿ ಸ್ವಿಚ್ಚು ಒತ್ತಿದೆ.
ಅದು ಝಗ್ಗೆಂದು ಉರಿಯುತ್ತಲೇ ಇದ್ದರೆ ಎಲ್ಲೋ ತಪ್ಪಿದೆ,
ಮಂಕಾದರೆ ಬದುಕಿದೆವು.
ಉರಿಯಿತು.
ಉರಿಯಿತು.
ಮಂಕಾಯಿತು.
ಗಾಜಿನೊಳಗೆ ಮೆಲ್ಲಗೆ ಕೆಂಡ ಕಣ್ಣು ಬಿಟ್ಟಿತು,
ಮೂವತ್ತು ವರ್ಷ ಕಾಲುಚೀಲದಲ್ಲಿದ್ದ ಕೆಂಡ.
ಅವರು ಅಂಗೈ ಹತ್ತಿರ ತಂದರು, ಮುಟ್ಟದೆ,
ಜ್ವರದ ಮಗು ನಿದ್ದೆ ಹೋಗಿರುವಾಗ ತರುವ ಹಾಗೆ.
ಇನ್ನೊಂದು ಕೈ ಆಗಲೇ ಏಪ್ರನ್ನಿನ ಜೇಬಿನಲ್ಲಿತ್ತು.
ನಾನು ಹೇಳಿಕೊಟ್ಟಿರಲಿಲ್ಲ.

ಗಿಟಾರು ಸಿಕ್ಕಿಸಿ, ನನಗೆ ಬರುವ ಮೂರು ಮಟ್ಟುಗಳಲ್ಲಿ ಒಂದನ್ನು ಮೀಟಿದೆ.
ಕಿಟಕಿ ನಡುಗಿತು. ಸಿಂಕಿನೊಳಗೆ ಚಮಚ ನಡುಗಿತು.
ಕೆಳಗಿನ ಮನೆಯವರು ಕೊಳಾಯಿಗೆ ಬಡಿದರು.
ದ್ರಾಹೊಮೀರಾ ಎಲ್ಲ ಆರುವವರೆಗೆ ಕಾದು, ತಲೆ ವಾರೆ ಮಾಡಿ,
“ಹಿಂದೆ ಒಂದು ಗುಂಯ್ ಇದೆ,” ಎಂದರು.
“ಅದು ಇಂಗ್ಲಿಷರದೋ, ನಿನ್ನದೋ?”

ನೀಲಿ ತಂತಿಯ ಕಡೆ ನೋಡಿದೆ. ನೇರ ಎಳೆದರೆ ಹೋದೀತು.
ಫ್ರಿಜ್ಜಿನ ಮೇಲಿನ ಫೋಟೋಕ್ಕೆ ಸದ್ದಿಲ್ಲ, ಕೇಳುವ ಹಾಗಿಲ್ಲ.
ಮತ್ತೆ ಮೀಟಲು ಹೋದೆ.
“ಬೇಡ, ತಡಿ,” ಎಂದು ಕುರ್ಚಿ ಎಳೆದು ಕೂತರು,
“ಅದೊಂದೇ ಇರಲಿ, ಸ್ವಲ್ಪ ಹೊತ್ತು.”